ದಳವಾಯಿಯ ಬಾಗಿಲಲ್ಲಿ ಧರಣಿ

ಇಂಗ್ಲೆಂಡಿನ ಧರ್ಮಸುಧಾರಣೆಯ ಚರಿತ್ರೆಯನ್ನು ಬೋಧಿಸುವಾಗ ಪ್ರತಿವರ್ಷವೂ ಒಂದು ಮಾತು ಕೇಳಿಬರುತ್ತದೆ. ಕಾರ್ಡಿನಲ್ ವುಲ್ಸಿಯು 1529ರಲ್ಲಿ ಅಧಿಕಾರ ಕಳೆದುಕೊಂಡು, ಮರುವರ್ಷ ಬಂದಿಯಾಗಿ ಲಂಡನ್ನಿಗೆ ಹೋಗುವ ದಾರಿಯಲ್ಲಿ ಲೆಸ್ಟರ್‌ನ ಮಠದಲ್ಲಿ ಪ್ರಾಣಬಿಟ್ಟನು. ಅವನ ಸೇವೆಯಲ್ಲೇ ಬೆಳೆದ ಥಾಮಸ್ ಕ್ರಾಮ್‌ವೆಲ್ ಎಂಟನೆಯ ಹೆನ್ರಿಯ ಬಲಗೈಯಾದನು, ಮಠಗಳನ್ನು ಮುಚ್ಚಿಸಿದನು, 1540ರ ಏಪ್ರಿಲ್‌ನಲ್ಲಿ ಎಸೆಕ್ಸ್‌ನ ಅರ್ಲ್ ಆಗಿ, ಜುಲೈನಲ್ಲಿ ಕೊಡಲಿಗೆ ತಲೆಯೊಡ್ಡಿದನು. ಪಾಠ ಇಲ್ಲಿಗೆ ಬರುವಷ್ಟರಲ್ಲಿ ವಿದ್ಯಾರ್ಥಿಯೊಬ್ಬನು ಸಮಾಧಾನದಿಂದ ಹೇಳುತ್ತಾನೆ: "ದೇವರ ತೀರ್ಪು, ಫಾದರ್."

ಈ ಸಮಾಧಾನ ನನ್ನನ್ನು ಬಹುಕಾಲದಿಂದ ಕಾಡಿದೆ. ಅದನ್ನು ಪರೀಕ್ಷಿಸಲು ಟ್ಯೂಡರ್ ಆಸ್ಥಾನದವರೆಗೆ ಹೋಗಬೇಕಾಗಿಲ್ಲ. ಇಂದು ವಿಮಾನ ನಿಲ್ದಾಣವಿರುವ ದೇವನಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಆನೇಕಲ್ಲು, ಇವೆರಡೂ ಹದಿನೆಂಟನೆಯ ಶತಮಾನದ ಮೈಸೂರು ಆಸ್ಥಾನದ ಏಳುಬೀಳುಗಳನ್ನು ಕಂಡ ಊರುಗಳು.

1734ರಲ್ಲಿ ದಳವಾಯಿಗಳು ಅರಸ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಅರಸರು ಅಲ್ಲಿಯೇ ತೀರಿಕೊಂಡರು. ಇಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದರೂ ಆಳಿದವರು ಕಳಲೆ ಮನೆತನದ ಸೋದರರಾದ ದಳವಾಯಿ ದೇವರಾಜಯ್ಯ ಮತ್ತು ಕರಾಚೂರಿ ನಂಜರಾಜಯ್ಯ. ನಂಜರಾಜಯ್ಯನು ತನ್ನ ಮಗಳನ್ನು ಅರಸರಿಗೆ ಮದುವೆ ಮಾಡಿಕೊಟ್ಟನು. ಇವನನ್ನು ಕೇವಲ ದುಷ್ಟನೆಂದು ತಳ್ಳಿಹಾಕುವಂತಿಲ್ಲ: ಕನ್ನಡದಲ್ಲಿ ಶಿವಭಕ್ತಿಯ ಗ್ರಂಥಗಳನ್ನು ರಚಿಸಿದವನು, ಪಂಡಿತರಿಗೆ ಆಶ್ರಯವಿತ್ತವನು. ಆದರೆ ಅಳಿಯನಾದ ಅರಸನೇ ತನ್ನ ವಿರುದ್ಧ ಸಂಚು ಹೂಡಿದಾಗ ಅರಮನೆಯ ಬಾಗಿಲಿಗೆ ಫಿರಂಗಿ ಹೂಡಿಸಿದವನೂ, ಅರಸನ ಕಣ್ಣೆದುರಿಗೇ ಅವನ ಕಡೆಯವರ ಕಿವಿಮೂಗುಗಳನ್ನು ಕೊಯ್ಯಿಸಿದವನೂ ಇವನೇ. ಇದನ್ನು ಸಹಿಸದೆ ದೇವರಾಜಯ್ಯನು ತಮ್ಮನನ್ನು ತೊರೆದು ಸತ್ಯಮಂಗಲಕ್ಕೆ ಹೊರಟುಹೋದನು.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಯುವಕನೊಬ್ಬನ ಶೌರ್ಯವನ್ನು ಮೆಚ್ಚಿ ನಂಜರಾಜಯ್ಯನು ಅವನಿಗೆ 50 ಕುದುರೆ, 200 ಕಾಲಾಳುಗಳ ಮೇಲ್ವಿಚಾರಣೆ ಕೊಟ್ಟನು. ಆ ಯುವಕ ಹೈದರ್ ಅಲಿ. ಹೈದರನು ತನ್ನ ಲೆಕ್ಕಪತ್ರಗಳಿಗೆ ಖಂಡೇರಾವ್ ಎಂಬ ಬ್ರಾಹ್ಮಣನನ್ನು ಇಟ್ಟುಕೊಂಡನು. ವುಲ್ಸಿಯ ನೆರಳಲ್ಲಿ ಕ್ರಾಮ್‌ವೆಲ್ ಬೆಳೆದಂತೆ ನಂಜರಾಜಯ್ಯನ ನೆರಳಲ್ಲಿ ಹೈದರ್, ಹೈದರನ ನೆರಳಲ್ಲಿ ಖಂಡೇರಾವ್.

ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಹೆನ್ರಿಯ ಆಸ್ಥಾನದಲ್ಲಿ ಎತ್ತುವವನೂ ಬೀಳಿಸುವವನೂ ದೊರೆಯೇ. ಶ್ರೀರಂಗಪಟ್ಟಣದಲ್ಲಿ ದೊರೆಯೇ ಬಂದಿ. ಅಲ್ಲಿ ದೊಡ್ಡವರನ್ನು ಬೀಳಿಸಿದ್ದು ಸಂಬಳದ ಬಾಕಿ. ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದ್ ಅಲಿಯ ಮಾತನ್ನು ನಂಬಿ ನಂಜರಾಜಯ್ಯನು ವರ್ಷಗಟ್ಟಲೆ ಅಲ್ಲಿ ದಂಡಿಳಿಸಿ, 1755ರಲ್ಲಿ ಬರಿಗೈಲಿ ಹಿಂದಿರುಗಿದನು. ಅದೇ ವರ್ಷ ಸಲಾಬತ್ ಜಂಗನು ರಾಜಧಾನಿಯವರೆಗೆ ಬಂದು 56 ಲಕ್ಷ ರೂಪಾಯಿಗಳ ಕಪ್ಪಕ್ಕೆ ಒಪ್ಪಿಸಿಕೊಂಡನು. ಬೊಕ್ಕಸ ಬರಿದಾಯಿತು. 1758ರಲ್ಲಿ ಸಂಬಳ ಕಾಣದ ಸೈನಿಕರು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಅಂದಿನ ಧರಣಿಯೆಂದರೆ ಬ್ಯಾನರು, ಘೋಷಣೆಗಳಲ್ಲ. ಮನೆಯೊಳಕ್ಕೆ ಅನ್ನನೀರು ಹೋಗದಂತೆ ತಡೆದು, ಇತ್ಯರ್ಥವಾಗುವವರೆಗೆ ಕದಲದೆ ಕೂರುವುದು. ಬಾಕಿ ತೀರಿಸಲು ಮುಂದೆ ಬಂದವನು ಹೈದರ್. ಅವನಿಗೆ ಬೆಂಗಳೂರು ಜಹಗೀರಾಯಿತು. ಸೈನ್ಯದ ಖರ್ಚಿಗೆಂದು ಒಂದೊಂದೇ ಸೀಮೆಯ ಕಂದಾಯ ಅವನ ಕೈಸೇರಿತು. ಮರುವರ್ಷ ಮತ್ತೆ ಧರಣಿ ನಡೆದಾಗ ನಂಜರಾಜಯ್ಯನು ಅಧಿಕಾರ ಬಿಟ್ಟು ಹೊರಟನು.

1760ರ ಆಗಸ್ಟ್‌ನಲ್ಲಿ ಖಂಡೇರಾವ್ ಅರಸ ಮತ್ತು ಹಿರಿಯ ರಾಣಿಯ ಪಕ್ಷ ವಹಿಸಿ ಹೈದರನ ಮೇಲೆ ತಿರುಗಿಬಿದ್ದನು. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ರಾತ್ರೋರಾತ್ರಿ ಹೊಳೆ ದಾಟಿ ಹೈದರನು ಆನೇಕಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ ಓಡಿಬಂದನು. ಮುಂದೆ ನಂಜನಗೂಡಿನ ಬಳಿ ಸೋತಾಗ ಅವನು ಹೋಗಿ ಕಾಲುಹಿಡಿದದ್ದು ಕೊಣನೂರಿನಲ್ಲಿದ್ದ ನಂಜರಾಜಯ್ಯನದು! ಹಳೆಯ ಒಡೆಯನು ಕರಗಿದನು. ನಂಜರಾಜಯ್ಯನ ಹೆಸರಿನ ಸುಳ್ಳು ಪತ್ರಗಳು ಬೇಕೆಂದೇ ಖಂಡೇರಾಯನ ಕೈಗೆ ಸಿಕ್ಕುವಂತೆ ಮಾಡಲಾಯಿತು. ತನ್ನ ಸರದಾರರೇ ಕೈಕೊಟ್ಟರೆಂದು ಬೆದರಿ ಅವನು ಪಾಳೆಯ ಬಿಟ್ಟೋಡಿದನು. 1761ರಲ್ಲಿ ಹೈದರನು ಗೆದ್ದಾಗ ರಾಣಿವಾಸದವರು ಖಂಡೇರಾಯನ ಪ್ರಾಣ ಬೇಡಿದರು. ಗಿಳಿಯಂತೆ ಸಾಕುವೆನೆಂದು ಮಾತುಕೊಟ್ಟ ಹೈದರನು ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಹೈದರನನ್ನು ಕುಟಿಲನಾಗಿ ತೋರಿಸುವುದು ಅವನಿಗೆ ಅನುಕೂಲವೇ ಆಗಿತ್ತೆಂಬುದನ್ನು ಮರೆಯದೆ ಈ ಕಥೆಗಳನ್ನು ಓದಬೇಕು. ನಂಜರಾಜಯ್ಯನಾದರೋ ಮುಂದೆ ಅದೇ ಹೈದರನ ಸೆರೆಯಾಳಾಗಿ ಸತ್ತನು.

ಇವುಗಳಲ್ಲಿ ಯಾವುದು ದೇವರ ತೀರ್ಪು? ನ್ಯಾಯವಾದ ಅರಸನ ಪಕ್ಷ ಹಿಡಿದವನೇ ಪಂಜರ ಸೇರಿದನಲ್ಲವೇ? ಪ್ರವಾದಿ ಯೆಶಾಯನ ಗ್ರಂಥದ 22ನೆಯ ಅಧ್ಯಾಯದಲ್ಲಿ ಅರಮನೆಯ ಮೇಲ್ವಿಚಾರಕ ಶೆಬ್ನನನ್ನು ತಳ್ಳಿ ಎಲ್ಯಾಕೀಮನನ್ನು ನೇಮಿಸುವ ಪ್ರಸಂಗವಿದೆ. ನಾವು ಸಾಮಾನ್ಯವಾಗಿ ದಾವೀದನ ಮನೆಯ ಬೀಗದ ಕೈ ಬರುವಲ್ಲಿಗೆ ಓದು ನಿಲ್ಲಿಸುತ್ತೇವೆ. ಅಧ್ಯಾಯ ಮುಗಿಯುವುದು ಬೇರೆ ಚಿತ್ರದಲ್ಲಿ: ಭದ್ರವಾಗಿ ಹೊಡೆದ ಗೂಟವೂ ಸಡಿಲಿ ಬೀಳುತ್ತದೆ, ಅದಕ್ಕೆ ತೂಗುಹಾಕಿದ್ದ ಬಟ್ಟಲು ಹೂಜಿಗಳೆಲ್ಲ ಅದರೊಡನೆ ನಾಶವಾಗುತ್ತವೆ. ಗೂಟದ ಪಾಪವನ್ನು ಎಣಿಸುವ ಉತ್ಸಾಹದಲ್ಲಿ ನಮ್ಮ ಸಭಾಚರಿತ್ರೆಯ ಪಾಠಗಳು ಆ ಪಾತ್ರೆಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಂಬಳವಿಲ್ಲದೆ ಬಾಗಿಲಲ್ಲಿ ಕುಳಿತವರೂ, ಆ ಬಾಕಿಗಾಗಿ ಕಂದಾಯ ತೆತ್ತ ಹಳ್ಳಿಗರೂ ಅಂಥ ಪಾತ್ರೆಗಳೇ.

ಈ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಕ್ರಾಮ್‌ವೆಲ್‌ನ ಪತನದ ಕಾರಣಗಳನ್ನು ನಾನು ಕೇಳಿಲ್ಲ. ಮಠಗಳು ಮುಚ್ಚಿದಾಗ ಅವುಗಳ ಬಾಗಿಲಲ್ಲಿ ಅನ್ನ ಪಡೆಯುತ್ತಿದ್ದವರ ಗತಿಯೇನಾಯಿತೆಂದು ಕೇಳಿದ್ದೇನೆ.