ಕೊಳಗ, ಅನುಭವ, ಕತೆ: ಶಿವಮೊಗ್ಗ ಸೀಮೆಯ ನೀತಿಚಿಂತನೆ

ಭದ್ರಾವತಿಯ ನ್ಯೂ ಟೌನ್ ಹುಟ್ಟಿದ್ದು ಕಬ್ಬಿಣಕ್ಕಾಗಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾರ್ಖಾನೆ, ಅದರ ಸುತ್ತ ನೌಕರರ ಕ್ವಾರ್ಟರ್ಸು. ಊರಿನ ಚರಿತ್ರೆ ಇಷ್ಟೇ ಎಂದುಕೊಂಡವರು ಬಹಳ. ಆದರೆ ಸ್ವಾತಂತ್ರ್ಯಾನಂತರ ಕನ್ನಡದಲ್ಲಿ ನ್ಯಾಯ, ನೀತಿ, ಸಮಾನತೆಗಳ ಬಗ್ಗೆ ನಡೆದ ಗಟ್ಟಿ ವಾಗ್ವಾದಗಳನ್ನು ಹುಡುಕುತ್ತ ಹೊರಟರೆ ದಾರಿ ಮತ್ತೆ ಮತ್ತೆ ಈ ಶಿವಮೊಗ್ಗ ಜಿಲ್ಲೆಗೇ ಬಂದು ಸೇರುತ್ತದೆ. ಇದರಲ್ಲಿ ತತ್ವಶಾಸ್ತ್ರ ವಿಭಾಗಗಳ ಪಾಲು ಕಡಿಮೆ. ಗೇಣಿದಾರರು, ಕಾದಂಬರಿಕಾರರು, ಕನ್ನಡ ಮೇಷ್ಟ್ರುಗಳು ಹೆಚ್ಚು ಜಗಳವಾಡಿದ್ದಾರೆ. ಜಗಳದ ತಿರುಳು ಮಾತ್ರ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಬಗೆಹರಿಯದ ಒಂದು ಪ್ರಶ್ನೆ: ನ್ಯಾಯದ ವಿಚಾರವನ್ನು ಎಲ್ಲಿಂದ ಶುರುಮಾಡಬೇಕು? ತತ್ವದಿಂದಲೋ, ನೊಂದವರ ಅನುಭವದಿಂದಲೋ, ಕೇಳಿ ಬೆಳೆದ ಕತೆಯಿಂದಲೋ?

ಹೊರಗಿನ ಚರ್ಚೆಯನ್ನು ಚುಟುಕಾಗಿ ನೋಡಿಬಿಡೋಣ. 1971ರಲ್ಲಿ ಜಾನ್ ರಾಲ್ಸ್ 'ಎ ಥಿಯರಿ ಆಫ್ ಜಸ್ಟಿಸ್' ಪ್ರಕಟಿಸಿದರು. ನೀವು ಯಾವ ಮನೆಯಲ್ಲಿ, ಯಾವ ಬಣ್ಣದಲ್ಲಿ, ಎಷ್ಟು ಬುದ್ಧಿಯೊಂದಿಗೆ ಹುಟ್ಟುತ್ತೀರಿ ಎಂದು ಗೊತ್ತಿಲ್ಲದಂತೆ ಒಂದು ಪರದೆಯ ಹಿಂದೆ ಕೂತು ಸಮಾಜದ ನಿಯಮ ಬರೆಯಿರಿ ಎಂಬುದು ಅವರ ಪ್ರಯೋಗ. ಹಾಗೆ ಹೊರಟ ತತ್ವವನ್ನು ನಮ್ಮ ಸಹಜ ತೀರ್ಮಾನಗಳ ಜೊತೆ ಒರೆಹಚ್ಚಿ, ಎರಡನ್ನೂ ತಿದ್ದುತ್ತ ಸಮತೋಲಕ್ಕೆ ಬರುವುದು ಅವರ ವಿಧಾನ. 1974ರಲ್ಲಿ ರಾಬರ್ಟ್ ನೋಜಿಕ್ ಆಸ್ತಿಯ ಹಕ್ಕು ಹಿಡಿದು ಇದನ್ನು ಎದುರಿಸಿದರು. ಅಲಸ್ಡೇರ್ ಮ್ಯಾಕಿಂಟೈರ್ ಮತ್ತು ಮೈಕೇಲ್ ಸ್ಯಾಂಡೆಲ್, ಬೇರುಗಳಿಲ್ಲದ ಇಂಥ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಿದರು. ಚಾರ್ಲ್ಸ್ ಮಿಲ್ಸ್ ಅವರ ಆಕ್ಷೇಪ ಇನ್ನೂ ಮೊನಚು: ಆದರ್ಶ ಸಮಾಜದ ನಕ್ಷೆ ಬರೆಯುತ್ತ ಕೂರುವುದೇ ಕಣ್ಣೆದುರಿನ ವರ್ಣಭೇದವನ್ನು ಮರೆಸುವ ತಂತ್ರ. 2009ರಲ್ಲಿ ಅಮರ್ತ್ಯ ಸೇನ್, ಪರಿಪೂರ್ಣ ನ್ಯಾಯದ ಚಿತ್ರ ಇಲ್ಲದೆಯೂ ಅನ್ಯಾಯವನ್ನು ಗುರುತಿಸಬಹುದು, ಕಡಿಮೆ ಮಾಡಬಹುದು ಎಂದು ವಾದಿಸಿದರು. ಇನ್ನು, ಹತೋಟಿ ತಪ್ಪಿದ ಟ್ರಾಲಿ ಐವರ ಮೇಲೆ ಹೋಗಲೋ ಒಬ್ಬನ ಮೇಲೋ ಎಂಬ ಫಿಲಿಪ್ಪಾ ಫುಟ್ ಅವರ 1967ರ ಒಗಟು ಈಗ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲೂ ಸವೆದುಹೋಗಿದೆ. ನಿಜವಾದ ಟ್ರಾಲಿ ತಳ್ಳಿದ ಭದ್ರಾವತಿಯವರಿಗೆ ಅದನ್ನು ಹೇಳಿದರೆ, ಮೊದಲು ಬ್ರೇಕ್ ಯಾಕೆ ಕೆಟ್ಟಿತ್ತು ಹೇಳಿ ಎಂದಾರು. ಅದೂ ಒಂದು ತಾತ್ವಿಕ ನಿಲುವೇ.

ಸೇನ್ ಹೇಳಿದ್ದನ್ನು ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು 1951ರಲ್ಲೇ ಮಾಡಿ ತೋರಿಸಿದ್ದರು. ಅಲ್ಲಿ ತಕರಾರು ಎದ್ದದ್ದು ಒಂದು ಕೊಳಗದ ಬಗ್ಗೆ. ಗೇಣಿ ಭತ್ತ ಅಳೆಯುವ ಕೊಳಗ ಧಣಿಯ ಮನೆಯದು, ನ್ಯಾಯವಾದ ಅಳತೆಗಿಂತ ದೊಡ್ಡದು. ವರ್ಷವಿಡೀ ದುಡಿದ ದೀವರ ಸಮುದಾಯದ ಒಕ್ಕಲು ಕಣದಲ್ಲಿ ನಿಂತು, ಒಂದೊಂದು ಕೊಳಗಕ್ಕೂ ಇಷ್ಟಿಷ್ಟು ಹೆಚ್ಚು ಕೊಡುತ್ತ ಹೋಗಬೇಕು. ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ಅಳತೆ ಸರಿಮಾಡಿ, ರಸೀದಿ ಕೊಡಿ ಎಂದದ್ದಕ್ಕೆ ಧಣಿಗಳು ಒಕ್ಕಲೆಬ್ಬಿಸಿದರು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಸಮಾಜವಾದಿ ಪಕ್ಷದವರು ಕೈಜೋಡಿಸಿದರು. ಜನ ಉಳುವ ಹಕ್ಕು ಸಾಧಿಸಲು ಗುಂಪುಗುಂಪಾಗಿ ಗದ್ದೆಗಿಳಿದು ಜೈಲಿಗೆ ಹೋದರು. ಅದೇ ವರ್ಷ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

ಕಾಗೋಡಿನ ವಿಧಾನ ಗಮನಿಸುವಂಥದ್ದು. ಸಮಾನತೆಯ ಸಿದ್ಧಾಂತ ಮೊದಲು ಬರಲಿಲ್ಲ. ಈ ಕೊಳಗ ಮೋಸದ್ದು ಎಂಬ, ಯಾರೂ ಅಲ್ಲಗಳೆಯಲಾಗದ ಒಂದು ತೀರ್ಮಾನ ಮೊದಲು ಬಂತು. ಅಳತೆ ಯಾಕೆ ಧಣಿಯ ಕೈಲಿದೆ ಎಂಬುದು ಎರಡನೇ ಪ್ರಶ್ನೆ. ಭೂಮಿ ಯಾಕೆ ಅವನ ಕೈಲಿದೆ ಎಂಬುದು ಮೂರನೆಯದು. ಉಳುವವನೇ ಹೊಲದೊಡೆಯ ಎಂಬ ತತ್ವ ಕಟ್ಟಕಡೆಗೆ, ಕಣದ ಧೂಳಿನಿಂದ ಎದ್ದು ಬಂತು. ಆ ಚಳವಳಿಯಿಂದ ಬಂದು 1952ರಲ್ಲಿ ಶಾಸನಸಭೆ ಸೇರಿದ ಶಾಂತವೇರಿ ಗೋಪಾಲಗೌಡರು ಆ ಮೂರು ಪ್ರಶ್ನೆಗಳನ್ನೂ ಅಲ್ಲಿ ಎತ್ತಿದರು. 1972ರಲ್ಲಿ ತೀರಿಕೊಂಡ ಅವರು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯನ್ನು ನೋಡಲಿಲ್ಲ.

ಆದರೆ ಇದೇ ಜಿಲ್ಲೆ ಈ ವಿಧಾನದ ಮಿತಿಯನ್ನೂ ತೋರಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆ ಬೆಳಕು ಬಂತು, ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಬಹುಜನರ ಹಿತ ಎಂಬ ಲೆಕ್ಕಾಚಾರದಲ್ಲಿ ಮುಳುಗಿದವರ ಒಪ್ಪಿಗೆ ಎಲ್ಲಿತ್ತು? ಇಲ್ಲಿ ಕೈಯಲ್ಲಿ ಹಿಡಿದು ತೋರಿಸಲು ಕೊಳಗವಿರಲಿಲ್ಲ. ಸಂತ್ರಸ್ತರ ಭೂಮಿಯ ಹಕ್ಕಿನ ಹೋರಾಟ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದಿದೆ. ಇಂಥ ಕಡೆ ಒಂದು ತತ್ವ ಬೇಕೇ ಬೇಕು. ರಾಲ್ಸ್ ಕಟ್ಟಲು ಹೊರಟದ್ದು ಅಂಥದ್ದನ್ನೇ.

ಕಾಗೋಡಿನದು ಒಂದು ದಾರಿಯಾದರೆ, ನೊಂದವರ ಅನುಭವದಿಂದ ಹೊರಡುವ ಎರಡನೆಯ ದಾರಿ ಭದ್ರಾವತಿಯದು. ಅಲ್ಲಿನ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ, ಬೂಸಾ ಪ್ರಕರಣದ ಬಿಸಿ ಆರುವ ಮೊದಲೇ, ಗೆಳೆಯರೊಂದಿಗೆ ದಲಿತ ಸಂಘರ್ಷ ಸಮಿತಿಯನ್ನು (ದಸಂಸ) ಕಟ್ಟಿದರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಿದ್ದರು, ಕುರ್ಚಿ ಕಳೆದುಕೊಂಡಿದ್ದರು. ಅದನ್ನು ಸಾಹಿತ್ಯವಿಮರ್ಶೆಯ ಮಾತೆಂದು ಓದಿದವರು ತಪ್ಪಿದರು. ಈ ಸಾಹಿತ್ಯ ಯಾರ ಅನುಭವವನ್ನು ಜ್ಞಾನವೆಂದು ಎಣಿಸಿದೆ ಎಂಬುದು ಅದರೊಳಗಿನ ಪ್ರಶ್ನೆ. ದಸಂಸ ಅದನ್ನು ಹಾಡು, ಜಾಥಾ, ಭೂಮಿ ಹೋರಾಟಗಳಲ್ಲಿ ಬೆಳೆಸಿತು.

ಅದೇ ಪ್ರಶ್ನೆ ವಿದ್ವತ್ ಲೋಕಕ್ಕೆ ಕಾಲಿಟ್ಟದ್ದು 2002ರಲ್ಲಿ. ಭಾರತದ ಸಮಾಜವಿಜ್ಞಾನಗಳಲ್ಲಿ ಸಿದ್ಧಾಂತ ಕೆಲವರ ಸ್ವತ್ತು, ವಿವರ ಹೊತ್ತು ತರುವುದು ಉಳಿದವರ ಪಾಡು ಎಂದು ಗೋಪಾಲ್ ಗುರು ಬರೆದರು. ಕರ್ನಾಟಕದಲ್ಲಿ ಕೆಲಸಮಾಡುವ ಸುಂದರ್ ಸಾರುಕ್ಕೈ ಉತ್ತರಿಸಿದರು. ಇಬ್ಬರ ಸಂವಾದ 2012ರಲ್ಲಿ 'ದ ಕ್ರ್ಯಾಕ್ಡ್ ಮಿರರ್' ಪುಸ್ತಕವಾಯಿತು. ಅನುಭವಿಸದವನು ಅನುಭವದ ಬಗ್ಗೆ ಸಿದ್ಧಾಂತ ಕಟ್ಟಬಹುದೇ? ಅನುಭವಿಸುವುದಕ್ಕೂ ಬೇಕೆಂದಾಗ ಎದ್ದುಹೋಗುವ ಸ್ವಾತಂತ್ರ್ಯವಿಟ್ಟುಕೊಂಡು ಅನುಭವಿಸಿ ನೋಡುವುದಕ್ಕೂ ವ್ಯತ್ಯಾಸವಿಲ್ಲವೇ? ಗುರು ಅವರ ವಾದವನ್ನು ಕೊನೆಯವರೆಗೆ ಎಳೆದರೆ ಯಾರೂ ಯಾರ ಬಗ್ಗೆಯೂ ಮಾತಾಡುವಂತಿಲ್ಲ ಎಂಬಲ್ಲಿಗೆ ಬಂದೀತು ಎಂಬ ಅಳುಕು ನನಗಿದೆ. ಆದರೆ ಮಾತಾಡುವ ಮೊದಲು ನಾಚಿಕೆ ಇರಲಿ ಎಂಬಷ್ಟಕ್ಕೆ ಅದನ್ನು ಒಪ್ಪದೆ ಗತ್ಯಂತರವಿಲ್ಲ. ಡಿ.ಆರ್. ನಾಗರಾಜ್ 1993ರ 'ದ ಫ್ಲೇಮಿಂಗ್ ಫೀಟ್'ನಲ್ಲಿ ಇದಕ್ಕೊಂದು ಒಳದಾರಿ ಕಂಡಿದ್ದರು. ಅಸ್ಪೃಶ್ಯತೆಯನ್ನು ಸವರ್ಣರ ಆತ್ಮಶುದ್ಧಿಯ ಪ್ರಶ್ನೆಯಾಗಿ ನೋಡಿದ ಗಾಂಧಿಯೂ ದಲಿತರ ಆತ್ಮಗೌರವದ ಪ್ರಶ್ನೆಯಾಗಿ ನೋಡಿದ ಅಂಬೇಡ್ಕರರೂ ಹಣಾಹಣಿಯಲ್ಲೇ ಒಬ್ಬರನ್ನೊಬ್ಬರು ಬದಲಿಸಿದರು ಎಂದು ಅವರು ತೋರಿಸಿದರು. ಎದುರಾಳಿಯಿಂದ ಬದಲಾಗುವುದನ್ನೂ ವಿಚಾರದ ಒಂದು ವಿಧಾನವಾಗಿ ಕಂಡದ್ದು ನಾಗರಾಜರ ಹೆಚ್ಚುಗಾರಿಕೆ.

ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಡಿಕ್ಕಿ ಹೊಡೆದದ್ದು ಈ ಪುಸ್ತಕಗಳಿಗೂ ಮೊದಲೇ, 1986ರ ಮಾರ್ಚ್‌ನಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತವರು ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡ ಹತ್ತುವ ಸೇವೆಯಿತ್ತು. ಹರಕೆಯವರಲ್ಲಿ ಬಡ, ದಲಿತ ಹೆಂಗಸರೇ ಬಹಳ. ಅದನ್ನು ತಡೆಯಲು ದಸಂಸ ಮತ್ತಿತರ ಸಂಘಟನೆಗಳ ಕಾರ್ಯಕರ್ತರು ಹೋದರು, ಪೊಲೀಸರೂ ಇದ್ದರು. ಕೆರಳಿದ ಗುಂಪು ತಡೆಯಲು ಬಂದವರನ್ನು ಹೊಡೆದು, ಅವರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಯು.ಆರ್. ಅನಂತಮೂರ್ತಿ ಈ ಘಟನೆಯ ಹಿನ್ನೆಲೆಯಲ್ಲಿ 'ಬೆತ್ತಲೆ ಪೂಜೆ ಏಕೆ ಕೂಡದು?' ಎಂದು ಕೇಳಿದರು. ತೀರ್ಥಹಳ್ಳಿಯ ಮೇಳಿಗೆಯವರಾದ ಅವರು 1965ರ 'ಸಂಸ್ಕಾರ'ದಲ್ಲೇ ಶಾಸ್ತ್ರದಲ್ಲಿ ಉತ್ತರವಿಲ್ಲದ ಧರ್ಮಸಂಕಟವನ್ನು, ಹೆಣವೊಂದನ್ನು ಅಗ್ರಹಾರದ ನಡುವೆ ಇಟ್ಟು, ತೋರಿಸಿದ್ದವರು. 'ಬೆತ್ತಲೆ ಪೂಜೆ' ಬರಹದಲ್ಲಿ ಒಬ್ಬ ಚಿತ್ರಕಾರನ ಪ್ರಸಂಗ ಬರುತ್ತದೆ. ಹಳ್ಳಿಗನ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲೊಂದು ಅವನ ಕಣ್ಣಿಗೆ ಬೀಳುತ್ತದೆ. ಫೋಟೋ ತೆಗೆಯಲು ಬೆಳಕು ಸಾಲದೆ ಅದನ್ನು ಹೊರಗೆ ತರುತ್ತಾನೆ. ಮೈಲಿಗೆಯಾಯಿತೇನೋ ಎಂದು ಕ್ಷಮೆ ಕೇಳಿದರೆ ಹಳ್ಳಿಗ, ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚುತ್ತೇನೆ ಅನ್ನುತ್ತಾನೆ. ದೈವ ಇದ್ದದ್ದು ಕಲ್ಲಿನಲ್ಲಲ್ಲ, ಅವನ ನಂಬಿಕೆಯಲ್ಲಿ. ವೈಚಾರಿಕತೆಗೆ ಅದನ್ನು ತೂಗುವ ತಕ್ಕಡಿ ಇದೆಯೇ ಎಂಬುದು ಅನಂತಮೂರ್ತಿಯವರ ಅನುಮಾನ. ಪ್ರಸಂಗ ಸೊಗಸಾಗಿದೆ. ಆದರೆ ಆ ಹಳ್ಳಿಗ ಕಲ್ಲನ್ನು ಬದಲಿಸಬಲ್ಲ. ಚಂದ್ರಗುತ್ತಿಯ ಹೆಂಗಸು ಪಣಕ್ಕಿಡಬೇಕಾದ್ದು ತನ್ನ ಮೈಯನ್ನೇ. ಭಕ್ತಿಯ ಘನತೆಯನ್ನು ಕಂಡ ಲೇಖಕರಿಗೆ ಆ ಭಕ್ತಿಯ ಬೆಲೆಯನ್ನು ಯಾವ ಜಾತಿ ತೆರುತ್ತಿದೆ ಎಂಬುದು ಅಷ್ಟೇ ನಿಚ್ಚಳವಾಗಿ ಕಾಣಲಿಲ್ಲ ಎಂದು ನನಗನ್ನಿಸುತ್ತದೆ.

ಮೂರನೆಯ ದಾರಿ, ಕತೆಯದು, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ತೆರೆಯಿತು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಾಜಾರಾಮ ಹೆಗಡೆ, ಜೆ.ಎಸ್. ಸದಾನಂದ ಮೊದಲಾದವರು ಸ್ಥಳೀಯ ಸಂಸ್ಕೃತಿಗಳ ಅಧ್ಯಯನ ಕೇಂದ್ರ ನಡೆಸಿದರು. ಅದರ ಚಿಂತನೆಯ ಮೂಲ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಕನ್ನಡಿಗ ಎಸ್.ಎನ್. ಬಾಲಗಂಗಾಧರ. ಪಶ್ಚಿಮದಲ್ಲಿ ನೀತಿ ಎಂದರೆ ನಿಯಮ, ಎಲ್ಲರೂ ಪಾಲಿಸಲೇಬೇಕಾದ ಕಟ್ಟಳೆ. ನಮ್ಮಲ್ಲಿ ನೀತಿ ಕಲಿಯುವುದು ಕತೆ ಕೇಳಿ, ಹಿರಿಯರ ನಡೆ ನೋಡಿ, ಅನುಕರಿಸಿ. ಹೀಗಾಗಿ ಪಶ್ಚಿಮದ ನೀತಿಶಾಸ್ತ್ರದ ಚೌಕಟ್ಟಿನಲ್ಲಿ ಹುಡುಕಿದರೆ ಇಲ್ಲಿ ಸಿಗುವುದು ಅನೀತಿಯೇ ಎಂಬುದು ಅವರ ವಾದದ ಒಂದು ಎಳೆ. ಜಾತಿವ್ಯವಸ್ಥೆ ಎಂಬ ವರ್ಣನೆ ಯೂರೋಪಿಯನ್ನರ ಅನುಭವವನ್ನು ಹೇಳುತ್ತದೆಯೇ ಹೊರತು ಭಾರತೀಯ ಸಮಾಜವನ್ನಲ್ಲ ಎಂಬುದು ಇನ್ನೊಂದು. 2013ರಲ್ಲಿ ವಚನಗಳು ಜಾತಿವಿರೋಧಿ ಚಳವಳಿಯೇ ಎಂಬ ಪ್ರಶ್ನೆ 'ಪ್ರಜಾವಾಣಿ'ಯ ಪುಟಗಳಲ್ಲಿ ದೊಡ್ಡ ಗದ್ದಲವಾದಾಗ ಈ ವಿದ್ವತ್ ವಾದ ಬೀದಿಗೂ ಬಂತು.

ಮೊದಲ ಎಳೆಯಲ್ಲಿ ಹುರುಳಿದೆ. ರಾಲ್ಸ್‌ನ ವಿಧಾನವೂ ಒಂದು ಸಂಸ್ಕೃತಿಯ ಅಭ್ಯಾಸವೇ ಎಂದು ಕನ್ನಡದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಕೇಳಿದವರು ಕಡಿಮೆ. ಎರಡನೆಯದಕ್ಕೆ ಬಂದಾಗ ಕೇಂದ್ರದ ವಾದ ಸೋಲುತ್ತದೆ. ಸೋಲಿಸುವುದು ಯಾರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಆ ಕೇಂದ್ರ ನಡೆಯಿತೋ ಆ ಕುವೆಂಪು. ಕತೆಯಿಂದ ನೀತಿ ಕಲಿಯುವುದಾದರೆ ತಪಸ್ಸು ಮಾಡಿದ್ದಕ್ಕೆ ರಾಮನಿಂದ ಹತನಾದ ಶೂದ್ರ ಶಂಬೂಕನ ಕತೆಯಿಂದ ಏನು ಕಲಿಯಬೇಕು? 1944ರ 'ಶೂದ್ರ ತಪಸ್ವಿ'ಯಲ್ಲಿ ಕುವೆಂಪು ರಾಮನ ಬಾಣವನ್ನು ಶಂಬೂಕನಿಂದ ತಿರುಗಿಸಿ ದೂರು ತಂದ ಬ್ರಾಹ್ಮಣನ ಬೆನ್ನಟ್ಟುವಂತೆ ಮಾಡಿದರು. ಹಳೆಯ ಕತೆಯನ್ನು ಹೀಗೆ ತಿರುಚಬಹುದೇ ಎಂದು ಮಾಸ್ತಿ ಆಕ್ಷೇಪಿಸಿದರು. ಕತೆಯ ಒಳಗೇ ನಿಂತು, ಯಾವ ಯೂರೋಪಿಯನ್ ವರ್ಣನೆಯ ಹಂಗೂ ಇಲ್ಲದೆ, ಈ ಕತೆ ಅನ್ಯಾಯದ್ದು ಎಂದು ಹೇಳಲು ಸಾಧ್ಯ ಎಂಬುದನ್ನು ಆ ನಾಟಕ ಎಂದೋ ತೋರಿಸಿತ್ತು.

ಈಗಿನ ಚರ್ಚೆ ಚದುರಿದೆ. ಹೆಗ್ಗೋಡಿನ ನೀನಾಸಂ ಶಿಬಿರಗಳಲ್ಲಿ ಅದರ ಒಂದು ತುಂಡು ಸಿಗುತ್ತದೆ. ಸಾರುಕ್ಕೈ ತತ್ವಶಾಸ್ತ್ರವನ್ನು ಮಕ್ಕಳ ಬಳಿ ಒಯ್ದಿದ್ದಾರೆ. ಇನ್ನೊಂದು ತುಂಡು ನ್ಯೂ ಟೌನ್‌ನಲ್ಲೇ ಬಿದ್ದಿದೆ. 1998ರಲ್ಲಿ ಸರ್ಕಾರಿ ಉಕ್ಕು ಕಂಪನಿ ಸೇಲ್ ಜೊತೆ ವಿಲೀನವಾದ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನು, ಈಗಿನ ವಿಐಎಸ್‌ಎಲ್ ಅನ್ನು, ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ಕುಲುಮೆಯೆದುರು ಅದೇ ಕೆಲಸ ಮಾಡಿದ ಕಾಯಂ ನೌಕರನಿಗೆ ಕಂಪನಿಯನ್ನು ಕೇಳುವ ಹಕ್ಕಿದೆ. ವರ್ಷಗಟ್ಟಲೆ ದುಡಿದ ಗುತ್ತಿಗೆಯವನಿಗೆ ಕಾಗದದ ಮೇಲೆ ಕಂಪನಿಯೇ ಇಲ್ಲ, ಗುತ್ತಿಗೆದಾರ ಮಾತ್ರ. ನೋಜಿಕ್‌ನ ಲೆಕ್ಕದಲ್ಲಿ ಅವನು ಒಪ್ಪಿಯೇ ಸಹಿ ಹಾಕಿದ್ದಾನೆ, ಯಾರೂ ಏನೂ ಬಾಕಿ ಕೊಡಬೇಕಿಲ್ಲ. ಕಾಗೋಡಿನ ಕಣದಲ್ಲೂ ಒಪ್ಪಂದಗಳಿದ್ದವು. ಆದರೂ ಅಲ್ಲಿನವರು ಮೊದಲು ಕೇಳಿದ್ದು ಅಳತೆಯನ್ನು ಇಟ್ಟವರು ಯಾರು ಎಂದು.