ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರದ ಕೂಟನೋವು: ಬಳ್ಳಾರಿ ಸೀಮೆಯ ಹಿನ್ನೋಟ

ಗರ್ಭಕೋಶ ತೆಗೆಸಿದ ಮೇಲೆ, ಜಾರಿದ ಗರ್ಭಕೋಶವನ್ನು ಸರಿಪಡಿಸಿದ ಮೇಲೆ ಅಥವಾ ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದ ಮೇಲೆ ಹಲವು ಹೆಂಗಸರಿಗೆ ಗಂಡನೊಡನೆ ಕೂಡುವಾಗ ನೋವಾಗುತ್ತದೆ. ಹೊಲಿಗೆಯ ಜಾಗ ಬಿಗಿಯುವುದು, ಅಂಡಾಶಯವನ್ನೂ ತೆಗೆದಾಗ ಈಸ್ಟ್ರೋಜನ್ ಹಾರ್ಮೋನು ಇಳಿದು ಯೋನಿ ಒಣಗುವುದು, ವಿಕಿರಣದಿಂದ ಅದು ಕಿರಿದಾಗುವುದು ಇದರ ಮುಖ್ಯ ಕಾರಣಗಳು. ಒಮ್ಮೆ ನೊಂದ ಮೈ ಭಯದಿಂದ ತಾನಾಗಿಯೇ ಬಿಗಿಯುವುದೂ ಉಂಟು. ಈ ನೋವಿಗೆ ‘ಡಿಸ್ಪರೂನಿಯ’ ಎಂಬ ಹೆಸರನ್ನು 1874ರಲ್ಲಿ ಕೊಟ್ಟವನು ಇಂಗ್ಲೆಂಡಿನ ವೈದ್ಯ ರಾಬರ್ಟ್ ಬಾರ್ನ್ಸ್. ಆಡುಮಾತಿನಲ್ಲಿ ಅದು ಸೊಂಟನೋವು, ಕಿಬ್ಬೊಟ್ಟೆನೋವು, ಉರಿ ಎಂಬ ಮಾತುಗಳೊಳಗೆ ಅಡಗಿಬಿಡುತ್ತದೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ನೆಲ್ಲಿನ ಸೀಮೆ. ವಿಜಯನಗರದ ಅರಸರ ಕಾಲುವೆಗಳಿಗೆ 1953ರ ನಂತರ ತುಂಗಭದ್ರಾ ಜಲಾಶಯದ ನೀರಾವರಿಯೂ ಸೇರಿತು. ಕುರುಗೋಡಿನ ಸುತ್ತ ಹತ್ತಿ, ಮೆಣಸಿನಕಾಯಿ ಹೊಲಗಳಿವೆ. ಇಂಥ ಹೊಲಗಳಲ್ಲಿ ದುಡಿಯುವ ಹೆಂಗಸರಿಗೆ ಮೇಲಿಂದ ಮೇಲೆ ಹೆರಿಗೆಯಾಗುವುದು, ಹೆತ್ತ ಕೆಲವೇ ವಾರಗಳಲ್ಲಿ ಹೊರೆ ಹೊರುವುದು ಗರ್ಭಕೋಶ ಜಾರಲು ದಾರಿ ಮಾಡುತ್ತವೆ. ಕೂಲಿಯ ಮನೆಗಳಲ್ಲಿ ವಿಶ್ರಾಂತಿ ಸಿಗುವುದು ಕಷ್ಟ.

ವಿಶ್ರಾಂತಿಗೆ ಒಂದು ಹಳೆಯ ಏರ್ಪಾಡು ಇದ್ದದ್ದು ಬಾಣಂತನದಲ್ಲಿ. ಹೆತ್ತವಳು ತವರಿನಲ್ಲಿ ಉಳಿದು, ಹೊಟ್ಟೆಗೆ ಬಟ್ಟೆ ಬಿಗಿದು, ಎಣ್ಣೆ ನೀರು ಹಾಕಿಸಿಕೊಂಡು, ಲೋಬಾನದ ಹೊಗೆ ಹಿಡಿದು, ಅಂಟಿನುಂಡೆ ತಿನ್ನುತ್ತಿದ್ದಳು. ಆ ತಿಂಗಳುಗಳಲ್ಲಿ ಗಂಡನಿಂದ ದೂರವಿರುವುದು ಹೇಳದೆಯೇ ನಡೆಯುತ್ತಿತ್ತು. ಆಪರೇಷನ್ನಿಗೆ ಇಂಥ ಸಂಪ್ರದಾಯದ ಆಸರೆ ಇರಲಿಲ್ಲ. ತವರು ಹೆರಿಗೆಯ ಗಾಯಕ್ಕೆ ಮಾಯುವ ಕಾಲ ಕೊಡುತ್ತಿತ್ತು, ಆದರೆ ಮರಳಿ ಕೂಡುವಾಗ ನೋವಾದರೆ ಏನು ಮಾಡಬೇಕೆಂದು ಹೇಳುವ ಪದ್ಧತಿ ಬಾಣಂತನದಲ್ಲೂ ಇರಲಿಲ್ಲ.

ಇನ್ನು ಆಸ್ಪತ್ರೆಯ ಆರೈಕೆಯ ಕಥೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. 1961ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಜನ ಇದನ್ನು ‘ವಿಮ್ಸ್’ ಎಂದೇ ಕರೆದರು. ಕಾಲೇಜು ಆರಂಭವಾದ ವರ್ಷವೇ ಲಿವರ್‌ಪೂಲಿನ ವೈದ್ಯರಾದ ಫ್ರಾನ್ಸಿಸ್ ಮತ್ತು ಜೆಫ್ಕೋಟ್ ಯೋನಿಯ ಶಸ್ತ್ರಚಿಕಿತ್ಸೆಗಳ ನಂತರದ ಕೂಟನೋವಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಜಾರಿಕೆಯನ್ನು ಸರಿಪಡಿಸಲು ಯೋನಿಯ ಹಿಂಗೋಡೆಯನ್ನು ತೀರಾ ಬಿಗಿಯಾಗಿ ಹೊಲಿದರೆ ದಾಂಪತ್ಯಕ್ಕೆ ಕುತ್ತು ಎಂಬ ಎಚ್ಚರ ಆಗ ಬಲವಾಯಿತು. ಜೆಫ್ಕೋಟನ ಪಠ್ಯಪುಸ್ತಕ ಭಾರತದ ವೈದ್ಯ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಕನ್ನಡದ ಓದುಗರಿಗೆ ಇಂಥ ವಿಷಯವನ್ನು ಸಂಕೋಚವಿಲ್ಲದೆ ತಿಳಿಸಿದವರಲ್ಲಿ ವೈದ್ಯೆ, ಕಾದಂಬರಿಗಾರ್ತಿ ಅನುಪಮಾ ನಿರಂಜನ ಪ್ರಮುಖರು. ‘ದಾಂಪತ್ಯ ದೀಪಿಕೆ’ ಅವರದೇ.

1973ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆ ಆರಂಭವಾಯಿತು; ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಅಲ್ಲಿ ಸಿಗುತ್ತಿತ್ತು. ಬಳ್ಳಾರಿಯಿಂದ ಅದು ಸುಮಾರು 300 ಕಿ.ಮೀ. ದೂರ. ಗರ್ಭಕೋಶ ತೆಗೆಯುವುದೂ ಕ್ರಮೇಣ ಹೆಚ್ಚಿತು. ಚಿಕ್ಕ ವಯಸ್ಸಿನ ಹೆಂಗಸರಿಗೂ ಅನಗತ್ಯವಾಗಿ ಇದನ್ನು ಮಾಡಿದ ದೂರುಗಳು ಕಲಬುರಗಿ ಜಿಲ್ಲೆಯಲ್ಲಿ 2015ರ ಹೊತ್ತಿಗೆ ಸುದ್ದಿಯಾದವು. ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಈಗಿನ ಆರೈಕೆಯಲ್ಲಿ ಮೊದಲ ಮಾತು ಕಾಲಾವಕಾಶ: ಗರ್ಭಕೋಶ ತೆಗೆದ ಮೇಲೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕೂಟ ಬೇಡ. ಒಣಗಿದ್ದರೆ ನೀರು ಆಧಾರಿತ ಜಾರುಕ ಜೆಲ್ ನೆರವಾಗುತ್ತದೆ. ಈಸ್ಟ್ರೋಜನ್ ಕ್ರೀಮನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಹಚ್ಚಬೇಕು. ಕೆಲವು ಕ್ಯಾನ್ಸರ್‌ಗಳಲ್ಲಿ ಅದು ಸಲ್ಲದು. ವಿಕಿರಣದ ನಂತರ ಯೋನಿಯ ಗೋಡೆಗಳು ಕೂಡಿಕೊಳ್ಳದಂತೆ ಡೈಲೇಟರ್ ಎಂಬ ನುಣುಪಾದ ಕೊಳವೆಯಾಕಾರದ ಸಾಧನವನ್ನು ಚಿಕ್ಕದರಿಂದ ಆರಂಭಿಸಿ, ಜೆಲ್ ಹಚ್ಚಿ, ನಿಧಾನವಾಗಿ ಬಳಸಲು ಕಲಿಸುತ್ತಾರೆ. ಬಿಗಿದ ಸ್ನಾಯುಗಳನ್ನು ಸಡಿಲಿಸಲು ಫಿಸಿಯೋಥೆರಪಿ ಇದೆ. ವೇಗವೂ ಭಂಗಿಯೂ ಹೆಣ್ಣಿನ ಹಿಡಿತದಲ್ಲಿದ್ದರೆ, ನೋವೆಂದಾಗ ಗಂಡ ನಿಲ್ಲಿಸಿದರೆ ಭಯ ತಗ್ಗುತ್ತದೆ. ರಕ್ತ ಕಂಡರೆ, ದುರ್ವಾಸನೆಯ ಸ್ರಾವವಾದರೆ ಅಥವಾ ತಿಂಗಳುಗಳಾದರೂ ನೋವು ಇಳಿಯದಿದ್ದರೆ ಸ್ತ್ರೀರೋಗ ತಜ್ಞರ ತಪಾಸಣೆ ಬೇಕು.