ಚೈತ್ರದಲ್ಲಿ ಹೊರಡುವ ಹಾಡುಗಾರರು: ಶ್ರೀರಾಂಪುರದ ಸುತ್ತಿನ ವಲಸೆ ಹಕ್ಕಿಗಳು ದಾಖಲೆಗೆ ಸೇರಿದ ಬಗೆ

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಿಂದ ತನ್ನ ಊರಿಗೆ ವಸಂತ ಬಂದ ಗುರುತುಗಳನ್ನೆಲ್ಲ ಬರೆದಿಡತೊಡಗಿದ: ಮರ ಚಿಗುರಿದ ದಿನ, ಕಪ್ಪೆ ಕೂಗಿದ ದಿನ, ಮೊದಲ ಅಂಬರಗುಬ್ಬಿ ಕಂಡ ದಿನ. ಹಕ್ಕಿಗಳ ವಲಸೆಯ ಅಧ್ಯಯನ ಬೆಳೆದದ್ದು ಇಂಥ ಬರವಣಿಗೆಯಿಂದ. ಹಾಗಾಗಿ ವಸಂತವೆಂದರೆ ಹಕ್ಕಿ ಬರುವ ಕಾಲ ಎಂಬ ಎಣಿಕೆ ಆ ಶಾಸ್ತ್ರದ ತಳಪಾಯದಲ್ಲೇ ಸೇರಿಹೋಯಿತು. ಬೆಂಗಳೂರಿನ ಶ್ರೀರಾಂಪುರದಲ್ಲಿ ನಿಂತು ನೋಡಿದರೆ ಆ ಎಣಿಕೆ ತಲೆಕೆಳಗಾಗುತ್ತದೆ. ಸೆಪ್ಟೆಂಬರಿನಲ್ಲಿ ಬಂದ ಪುಟ್ಟ ಹಾಡುಹಕ್ಕಿಗಳು ಯುಗಾದಿಯ ಆಸುಪಾಸಿನಲ್ಲಿ ಇಲ್ಲಿಂದ ಗಂಟುಮೂಟೆ ಕಟ್ಟುತ್ತವೆ. ಈ ನಿರ್ಗಮನಕ್ಕೆ ಸಾಕ್ಷಿ ಎಷ್ಟು ತಡವಾಗಿ, ಎಂಥ ಅಡ್ಡದಾರಿಗಳಿಂದ ಒದಗಿತು ಎಂಬುದೇ ಈ ಲೇಖನದ ವಿಷಯ.

ನಿರ್ಗಮನ ನಮ್ಮ ಗಮನಕ್ಕೆ ಬಾರದಿರಲು ಕೋಗಿಲೆಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಅದು ಊರು ಬಿಟ್ಟು ಹೋಗುವ ಹಕ್ಕಿಯಲ್ಲ. ಚಳಿಗಾಲವಿಡೀ ಹೆಚ್ಚುಕಡಿಮೆ ಮೌನವಾಗಿದ್ದು ಮಾವು ಚಿಗುರಿದಾಗ ಬಾಯಿ ಬಿಡುತ್ತದೆ, ಅಷ್ಟೆ. ವರ್ಗೀಕರಣದ ಲೆಕ್ಕದಲ್ಲಿ ಅದು ಹಾಡುಹಕ್ಕಿಗಳ ಗುಂಪಿಗೂ ಸೇರದು. ಆದರೂ 10ನೇ ಶತಮಾನದ ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ, ಇಲ್ಲವೇ ಕೋಗಿಲೆಯಾಗಿ ಹುಟ್ಟಬೇಕೆಂದು ಹಂಬಲಿಸಿದಾಗಿನಿಂದ ವಸಂತದ ಕನ್ನಡ ದನಿ ಅದರದೇ. ಆ ಕೂಗಿನ ಅಬ್ಬರದಲ್ಲಿ ಏಳೆಂಟು ಗ್ರಾಂ ತೂಕದ ಹಸುರು ಉಲಿಯಕ್ಕಿಯೊಂದು ಮರದಿಂದ ಕಾಣೆಯಾದರೆ ಯಾರಿಗೆ ತಿಳಿದೀತು?

ಆ ಹಸುರು ಉಲಿಯಕ್ಕಿಯೇ ಈ ಚರಿತ್ರೆಯ ಮುಖ್ಯ ಪಾತ್ರ. ಅದು ಗೂಡು ಕಟ್ಟುವುದು ಪೂರ್ವ ಯುರೋಪಿನಿಂದ ಸೈಬೀರಿಯದವರೆಗಿನ ಕಾಡುಗಳಲ್ಲಿ, ಹಿಮಾಲಯದಲ್ಲಿ. ಆದರೆ 1837ರಲ್ಲಿ ಸ್ವೀಡನ್ನಿನ ಸುಂಡೆವಾಲ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟದ್ದು ಕಲ್ಕತ್ತೆಯಲ್ಲಿ ಸಿಕ್ಕ ಹಕ್ಕಿಯನ್ನು ನೋಡಿ. ಬೇಲಿ ಪೊದೆಗಳಲ್ಲಿ ಚಕ್ ಚಕ್ ಎನ್ನುತ್ತ ಅಡಗಿರುವ ಜೊಂಡು ಉಲಿಯಕ್ಕಿಯನ್ನು 1849ರಲ್ಲಿ ವಿವರಿಸಿದ ಎಡ್ವರ್ಡ್ ಬ್ಲಿತ್ ಕೂಡ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದವನು. ಉತ್ತರದ ಹಕ್ಕಿಗಳಿಗೆ ನಾಮಕರಣವಾದದ್ದು ಚಳಿಗಾಲದ ಬಿಡಾರದಲ್ಲಿ! ಮದ್ರಾಸ್ ಸೈನ್ಯದ ವೈದ್ಯ ಜೆರ್ಡನ್ 1839ರಿಂದ ಪ್ರಕಟಿಸಿದ ದಕ್ಷಿಣದ ಹಕ್ಕಿಗಳ ಪಟ್ಟಿ, ಆಮೇಲೆ 1862–64ರಲ್ಲಿ ಬಂದ ಅವನ ದೊಡ್ಡ ಗ್ರಂಥ ಈ ನೆಲದ ಹಕ್ಕಿಗಳಿಗೆ ಮೊದಲ ಗಟ್ಟಿ ಲೆಕ್ಕ ಒದಗಿಸಿದವು. ಮೈಸೂರು ಸಂಸ್ಥಾನದ ಸರದಿ ಬಂದದ್ದು 1939–40ರಲ್ಲಿ, ಪಕ್ಷಿತಜ್ಞ ಸಾಲಿಂ ಅಲಿಯವರ ಸಮೀಕ್ಷೆಯಿಂದ. ಅದರ ವರದಿ 1942–43ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಅಚ್ಚಾಯಿತು.

ಇಷ್ಟಾದರೂ ಗೊತ್ತಾದದ್ದು ಯಾವ ಹಕ್ಕಿ ಇಲ್ಲಿ ಸಿಗುತ್ತದೆ ಎಂಬುದು ಮಾತ್ರ. ಅದು ಎಲ್ಲಿಂದ, ಯಾವ ದಾರಿಯಲ್ಲಿ ಬರುತ್ತದೆಂಬುದಕ್ಕೆ ಕಾಲುಂಗುರ ಬೇಕು. ಡೆನ್ಮಾರ್ಕಿನ ಮಾರ್ಟೆನ್ಸನ್ 1899ರಲ್ಲೇ ಕಬ್ಬಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸಿ ಹಾರಿಬಿಟ್ಟಿದ್ದ. ಭಾರತದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆಯಲು ನೆಪವಾದದ್ದು ಮಲೆನಾಡಿನ ಮಂಗನ ಕಾಯಿಲೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನ ಜ್ವರದಿಂದ ಮಲಗಿದರು. ಉಣುಗುಗಳಿಂದ ಹರಡುವ ಈ ವೈರಸ್ಸನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪ್ರತ್ಯೇಕಿಸಿ ನೋಡಿದಾಗ ಅದು ರಷ್ಯಾದ ‘ವಸಂತ–ಬೇಸಿಗೆ ಮಿದುಳು ಜ್ವರ’ದ ವೈರಸ್ಸಿಗೆ ಹತ್ತಿರದ ದಾಯಾದಿಯಂತೆ ಕಂಡಿತು. ಸೈಬೀರಿಯದ ರೋಗಕ್ಕೂ ಸೊರಬಕ್ಕೂ ಎತ್ತಣ ಸಂಬಂಧ? ಅನುಮಾನ ವಲಸೆ ಹಕ್ಕಿಗಳ ಮೇಲೆ ಹೋಯಿತು. ಉಣುಗು ಕಚ್ಚಿಕೊಂಡ ಹಕ್ಕಿಯೇ ಅದನ್ನು ಹೊತ್ತು ತಂದಿರಬಹುದೆಂಬ ತರ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಗಂಭೀರವಾಗಿ ತೆಗೆದುಕೊಂಡಿತು. ಅದರ ನೆರವಿನಿಂದ ಸಾಲಿಂ ಅಲಿ ಮತ್ತು ಸಂಗಡಿಗರು ಬಲೆ ಹಿಡಿದು ಹೊರಟರು. ಬಲೆಗೆ ಬಿದ್ದ ಹಕ್ಕಿಯ ಮೈಯ ಉಣುಗನ್ನು ಆರಿಸಿಕೊಳ್ಳುವುದು, ಕಾಲಿಗೆ ಉಂಗುರ ತೊಡಿಸಿ ಬಿಡುವುದು, ಇದು ಕ್ರಮ. ಹಕ್ಕಿಗಳೇ ರೋಗ ತಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಮುಂದೆ ಅಮೆರಿಕದ ಸೇನೆಯ ಹಣ ಇದರೊಳಗೆ ಬಂದದ್ದು ವಿವಾದವಾಗಿ, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಅದನ್ನು ಕೆದಕಿತು. ಪಂಪ ಕೋಗಿಲೆಯಾಗಲು ಬಯಸಿದ ಬನವಾಸಿ ಸೊರಬದ ನೆರೆಯಲ್ಲೇ ಇದೆ. ಅದೇ ಸೀಮೆ ಸಾವಿರ ವರ್ಷದ ನಂತರ ಹಕ್ಕಿಯನ್ನು ಆರೋಪಿಯಾಗಿ ನಿಲ್ಲಿಸಿತು. ಆರೋಪ ನಿಲ್ಲಲಿಲ್ಲ, ಆದರೆ ಆ ವಿಚಾರಣೆಯ ದೆಸೆಯಿಂದ ಹಕ್ಕಿಗಳ ವಿಳಾಸಗಳು ಸಿಗತೊಡಗಿದವು.

ದಾರಿಯ ಬಗ್ಗೆ ಮುಂದಿನ ಬೆಳಕು ಬಿದ್ದದ್ದು ಬೇರೆ ಕಡೆಯಿಂದ. ಟಿಬೆಟ್ಟಿನ ಬರಡು ಪ್ರಸ್ಥಭೂಮಿಯನ್ನು ಈ ಪುಟ್ಟ ಹಕ್ಕಿಗಳು ನೇರವಾಗಿ ದಾಟುವುದಿಲ್ಲ, ಬಳಸಿ ಹೋಗುತ್ತವೆ. ಹಸುರು ಉಲಿಯಕ್ಕಿಗಳಲ್ಲಿ ಸೈಬೀರಿಯದ ಪಶ್ಚಿಮದವು ಪ್ರಸ್ಥಭೂಮಿಯ ಪಡುವಣ ಅಂಚು ಹಿಡಿದು ಭಾರತಕ್ಕೆ ಇಳಿಯುತ್ತವೆ, ಪೂರ್ವದವು ಮೂಡಣ ಅಂಚಿನಿಂದ ಆಗ್ನೇಯ ಏಷ್ಯಕ್ಕೆ. ಪಕ್ಷಿತಜ್ಞ ಟೈಸ್‌ಹರ್ಸ್ಟ್ 1938ರಲ್ಲೇ ಊಹಿಸಿದ್ದ, ಇವು ಗೂಡು ಕಟ್ಟುವ ನೆಲೆಗಳ ಉಂಗುರಾಕಾರದ ಹರಹನ್ನು ಡ್ಯಾರೆನ್ ಇರ್ವಿನ್ ಮತ್ತು ಜತೆಗಾರರು 2001ರಲ್ಲಿ ಹಾಡು ಮತ್ತು ಅನುವಂಶೀಯ ಪುರಾವೆಗಳಿಂದ ವಿವರಿಸಿದರು. ಟಿಬೆಟ್ಟನ್ನು ಸುತ್ತುವರಿದು ನೆರೆಹೊರೆಯ ಗುಂಪುಗಳು ಒಂದಕ್ಕೊಂದು ಬೆರೆಯುತ್ತ ಹೋಗುತ್ತವೆ. ಸೈಬೀರಿಯದ ನಡುವೆ ಉಂಗುರದ ಎರಡು ತುದಿಗಳು ಮತ್ತೆ ಸಂಧಿಸುವಲ್ಲಿ ಮಾತ್ರ ಒಂದರ ಹಾಡು ಇನ್ನೊಂದಕ್ಕೆ ತನ್ನವರದೆನಿಸದು.

ಇತ್ತ, ಊರೊಳಗೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಿಗೆ ಸಾಲುಮರಗಳ ಭಾಗ್ಯವಿತ್ತು. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂವಲ್ಲಿರಲೆಂದು ಯೋಚಿಸಿ ಬೆಂಗಳೂರಿನಲ್ಲಿ ಮರ ನೆಡಿಸಿದ. ಹೂವಿದ್ದಲ್ಲಿ ಹುಳ, ಹುಳವಿದ್ದಲ್ಲಿ ಉಲಿಯಕ್ಕಿ. ಮಿಲ್ಲು, ರೈಲು ಹಳಿ, ವಠಾರಗಳ ಶ್ರೀರಾಂಪುರಕ್ಕೆ ಅಂಥ ನೆರಳು ಕಡಿಮೆಯೇ. ಆದರೆ ಹಸುರು ಉಲಿಯಕ್ಕಿಗೂ ಬೇಕಾದದ್ದು ಒಂದು ವಠಾರ. ಚಳಿಗಾಲದಲ್ಲಿ ಒಂದೊಂದೂ ತನ್ನದೇ ನಾಲ್ಕಾರು ಮರಗಳ ಎಲ್ಲೆ ಗುರುತಿಸಿಕೊಂಡು, ಇನ್ನೊಂದು ಬಂದರೆ ಜಗಳಕ್ಕೆ ನಿಲ್ಲುತ್ತದೆ. ಒಂದು ಹೊಂಗೆ, ಪಕ್ಕದಲ್ಲೊಂದು ಮಳೆಮರ ಇದ್ದರೆ ಅದಕ್ಕೆ ಸಾಕು. ದಿನವಿಡೀ ‘ಚಿಸ್‌ವೀ’ ಎನ್ನುವುದು ಹಾಡಲ್ಲ, ಬಾಡಿಗೆಯ ಮನೆ ಖಾಲಿಯಿಲ್ಲ ಎಂಬ ಫಲಕ. ನಿಜವಾದ ಹಾಡು ತುಂಡುತುಂಡಾಗಿ ಕೇಳುವುದು ಹೊರಡುವ ಮುನ್ನಿನ ವಾರಗಳಲ್ಲಿ. ಹತ್ತಿರದ ಸ್ಯಾಂಕಿ ಕೆರೆಯ (1882) ಅಂಚಿಗೆ ಬೂದು ಸಿಪಿಲೆ ಬಂದಿಳಿಯುವುದು ಉಲಿಯಕ್ಕಿಗಿಂತಲೂ ಮೊದಲು, ಬಾಲ ಕುಣಿಸುತ್ತ.

ಊರಿನ ಹಕ್ಕಿಗಳ ಕ್ರಮಬದ್ಧ ದಾಖಲೆ ಶುರುವಾದದ್ದು 1970ರ ದಶಕದಲ್ಲಿ, ಜೋಸೆಫ್ ಜಾರ್ಜ್ ಮತ್ತು ಗೆಳೆಯರ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನಿಂದ. 1994ರಲ್ಲಿ ಜಾರ್ಜ್ ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಹೊರಬಂತು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಆರಂಭವಾದ ‘ಮೈಗ್ರಂಟ್‌ವಾಚ್’ ಮೊದಲ ವರ್ಷ 9 ಹಕ್ಕಿಗಳನ್ನು ಆರಿಸಿಕೊಂಡು, ಬಂದ ದಿನದ ಜತೆಗೆ ಹೋದ ದಿನವನ್ನೂ ಜನರಿಂದ ಕೇಳಿತು.

ಕೇಳಿದ್ದು ಸರಿ, ಕೊಡುವುದು ಸುಲಭವಲ್ಲ. ಮೊದಲ ಹಕ್ಕಿ ಕಂಡದ್ದು ಕಂಡ ಕ್ಷಣದಲ್ಲೇ ಗೊತ್ತಾಗುತ್ತದೆ. ಕಡೆಯ ಹಕ್ಕಿ ಕಡೆಯದೆಂದು ತಿಳಿಯುವುದು ಅದು ಹೋದ ಎಷ್ಟೋ ದಿನಗಳ ಮೇಲೆ. ಮಾರ್ಷಮನ ಪುಸ್ತಕದಲ್ಲಿ ಒಂದು ತಾರೀಕು ಬಿದ್ದರೆ ಮುಗಿಯಿತು. ಇಲ್ಲಿ ಏಪ್ರಿಲ್ ಕಡೆಯ ವಾರದಿಂದ ಪ್ರತಿ ಬೆಳಿಗ್ಗೆ ಅದೇ ಹೊಂಗೆಯ ಕೆಳಗೆ ನಿಂತು ಕೇಳಿಸಿಕೊಂಡು, ‘ಇಲ್ಲ’ ಎಂದು ಬರೆಯಬೇಕು. ಸಾಲಾಗಿ ಹತ್ತು ‘ಇಲ್ಲ’ ಬಿದ್ದ ಮೇಲೆ ಹಿಂದಿನ ಪುಟ ತಿರುವಿ, ಅಲ್ಲಿನ ಒಂದು ತಾರೀಕಿನ ಕೆಳಗೆ ಗೆರೆ ಎಳೆಯಬೇಕು.